ಹಸಿದ ಕೋಶದೊಳಗಿನ ಕೊಂಡಿ

ಗರ್ಭದಲ್ಲಿರುವವರೆಗೆ ಇಲಿಮರಿಗೆ ಹಸಿವಿನ ಚಿಂತೆಯಿಲ್ಲ. ಹೊಕ್ಕುಳಬಳ್ಳಿಯ ಮೂಲಕ ಪೋಷಣೆ ಎಡೆಬಿಡದೆ ಒದಗುತ್ತಿರುತ್ತದೆ. ಹುಟ್ಟಿದೊಡನೆ ಆ ದಾರಿ ಮುಚ್ಚುತ್ತದೆ. ತಾಯಿಹಾಲು ಸಾಕಷ್ಟು ದೊರೆಯುವವರೆಗೆ ಮರಿಯ ಜೀವಕೋಶಗಳು ತಮ್ಮೊಳಗಿನ ಸಾಮಗ್ರಿಯನ್ನೇ ಒಡೆದು ಬಳಸಿಕೊಳ್ಳುತ್ತವೆ. ಇದಕ್ಕೆ ಸ್ವಭಕ್ಷಣೆ ಎಂದು ಹೆಸರು. ಈ ಕಾರ್ಯಕ್ಕೆ ಬೇಕಾದ ಎಟಿಜಿ5 ಎಂಬ ಜೀನು ಇಲ್ಲದ ಮರಿಗಳು ಬಹುಪಾಲು ಒಂದೇ ದಿನದಲ್ಲಿ ಸಾಯುತ್ತವೆಂದು ಜಪಾನಿನ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು. ಎಟಿಜಿ7 ಅಥವಾ ಎಟಿಜಿ3 ಇಲ್ಲದ ಮರಿಗಳ ಗತಿಯೂ ಅದೇ ಎಂಬುದು ಮುಂದೆ ತಿಳಿದುಬಂತು.

ಈ ಮೂರರ ಗುರಿ ಒಂದೇ: ಪುಟ್ಟ ಪ್ರೋಟೀನೊಂದನ್ನು ಕೊಬ್ಬಿನ ಅಣುವಿಗೆ ಬೆಸೆಯುವುದು.

ಹಸಿದ ಕೋಶದಲ್ಲಿ ಬಟ್ಟಲಿನಾಕಾರದ ಪೊರೆಯೊಂದು ಬೆಳೆದು, ಸುತ್ತಲಿನ ಸಾಮಗ್ರಿಯನ್ನು ಒಳಗೊಂಡು ಚೀಲದಂತೆ ಮುಚ್ಚಿಕೊಳ್ಳುತ್ತದೆ. ಬಳಿಕ ಜೀರ್ಣಕಾರ್ಯ ನಡೆಯುವ ಕೋಶಾಂಗವನ್ನು ಸೇರುತ್ತದೆ. ಪೊರೆ ಬೆಳೆಯಲು ಯೀಸ್ಟಿನಲ್ಲಿ ಎಟಿಜಿ8 ಎಂಬ ಪ್ರೋಟೀನು ಬೇಕು. ಇಲಿಯಲ್ಲಿಯೂ ಮನುಷ್ಯನಲ್ಲಿಯೂ ಎಲ್‌ಸಿ3 ಮೊದಲಾದ ಅದರ ಬಂಧುಗಳಿವೆ. ಆದರೆ ಎಟಿಜಿ8 ನೀರಿನಲ್ಲಿ ಕರಗುವಂಥದು, ಪೊರೆಯಾದರೋ ಕೊಬ್ಬಿನಿಂದಾದುದು. ನೀರಿನ ಜೀವಿ ಎಣ್ಣೆಯ ಮೇಲೆ ನಿಲ್ಲುವುದೆಂತು?

ಉತ್ತರ ದೊರೆತದ್ದು 2000ದಲ್ಲಿ, ಯೊಶಿನೋರಿ ಓಸುಮಿಯವರ ತಂಡಕ್ಕೆ. ಯುಬಿಕ್ವಿಟಿನ್ ಎಂಬ ಕಿರುಪ್ರೋಟೀನು ಇತರ ಪ್ರೋಟೀನುಗಳಿಗೆ ಅಂಟಿಕೊಳ್ಳುವುದು ಆಗಲೇ ಗೊತ್ತಿತ್ತು. ಎಟಿಜಿ8 ಅಂಥದೇ ಕ್ರಮವನ್ನು ಅನುಸರಿಸಿಯೂ ಕೊನೆಗೆ ಅಂಟಿಕೊಳ್ಳುವುದು ಪ್ರೋಟೀನಿಗಲ್ಲ, ಫಾಸ್ಫಟೈಡಿಲ್‌ಎಥನೋಲಮೀನ್ ಎಂಬ ಲಿಪಿಡ್ಡಿಗೆ! ಹೆಸರು ನಾಲಿಗೆಗೆ ಕಷ್ಟ; ವಸ್ತು ಮಾತ್ರ ಅಪರೂಪದ್ದಲ್ಲ, ನಮ್ಮೆಲ್ಲರ ಕೋಶಪೊರೆಗಳಲ್ಲಿ ಹೇರಳವಾಗಿದೆ. ಅದರ ತಲೆಯಲ್ಲೊಂದು ಅಮೈನ್ ಗುಂಪಿದೆ. ಪ್ರೋಟೀನುಗಳಲ್ಲಿ ಯುಬಿಕ್ವಿಟಿನ್ ಸಾಮಾನ್ಯವಾಗಿ ಹಿಡಿಯುವುದೂ ಅಮೈನ್ ಗುಂಪನ್ನೇ. ಹಾಗಾಗಿ ಹಳೆಯ ಕೈಚಳಕವೇ ಹೊಸ ವಸ್ತುವಿನ ಮೇಲೂ ಸಾಗಿತು.

ಬೆಸುಗೆಗೆ ಮುನ್ನ ಒಂದು ಕತ್ತರಿಕೆ ಆಗಬೇಕು. ಯೀಸ್ಟಿನ ಎಟಿಜಿ8ರಲ್ಲಿರುವುದು 117 ಅಮೈನೋ ಆಮ್ಲಗಳು. ಎಟಿಜಿ4 ಎಂಬ ಕಿಣ್ವ ಕೊನೆಯ ಆರ್ಜಿನೈನನ್ನು ಕತ್ತರಿಸುತ್ತದೆ. 116ನೆಯದಾದ ಗ್ಲೈಸಿನ್ ತುದಿಗೆ ಬರುತ್ತದೆ. ಎಟಿಜಿ7, ಎಟಿಪಿಯ ಶಕ್ತಿಯನ್ನು ವ್ಯಯಿಸಿ, ಆ ತುದಿಯನ್ನು ಹಿಡಿದು ಎಟಿಜಿ3ಕ್ಕೆ ದಾಟಿಸುತ್ತದೆ. ಎಟಿಜಿ3 ಅದನ್ನು ಲಿಪಿಡ್ಡಿಗೆ ಬೆಸೆಯುತ್ತದೆ. ಎಟಿಜಿ12ರೊಡನೆ ಜೊತೆಗೂಡಿದ ಎಟಿಜಿ5 ಈ ಕೊನೆಯ ಹೆಜ್ಜೆಗೆ ನೆರವಾಗುತ್ತದೆ. ಮರಿಗಳಲ್ಲಿ ಕಾಣೆಯಾಗಿದ್ದ ಮೂರೂ ಇಲ್ಲಿಯೇ ಇವೆ.

ಸ್ವಭಕ್ಷಣೆಯ ಸಂಶೋಧನೆಗಾಗಿ ಓಸುಮಿಯವರಿಗೆ 2016ರಲ್ಲಿ ನೊಬೆಲ್ ಬಂದಿತು.

ಚೀಲ ಸಿದ್ಧವಾದ ಮೇಲೆ, ಮೊದಲು ಕತ್ತರಿಸಿದ ಎಟಿಜಿ4ವೇ ಮತ್ತೆ ಬಂದು ಹೊರಮೈಯ ಎಟಿಜಿ8ನ್ನು ಲಿಪಿಡ್ಡಿನಿಂದ ಬಿಡಿಸುತ್ತದೆ. ಅದು ಮರುಬಳಕೆಗೆ ಒದಗುತ್ತದೆ. ಒಳಮೈಯಲ್ಲಿ ಉಳಿದದ್ದು ಸಾಮಗ್ರಿಯೊಡನೆ ಜೀರ್ಣವಾಗಿಹೋಗುತ್ತದೆ.