ಓಬೀರಾಯನ ಕಾಲಕ್ಕೆ ಸ್ಪ್ಯಾನಿಷ್‌ನಲ್ಲಿ ಏನಂತಾರೆ?

ನಮ್ಮಲ್ಲಿ ಸ್ಪ್ಯಾನಿಷ್ ಕಲಿಯೋರು ಕಮ್ಮಿ ಏನಿಲ್ಲ. ಕೆಲವರಿಗೆ ಎಂ.ಎಸ್. ಕನಸು, ಕೆಲವರಿಗೆ ಫುಟ್‌ಬಾಲ್ ಹುಚ್ಚು, ಇನ್ನು ಕೆಲವರಿಗೆ 'ಮನಿ ಹೈಸ್ಟ್' ನೋಡಿದ ಗುಂಗು. ಕಲಿಯೋದು ಮಾತ್ರ ಎಲ್ಲರೂ ಇಂಗ್ಲಿಷ್ ಮೂಲಕವೇ. ಆ್ಯಪ್‌ನಲ್ಲಿ 'ಓಲ್ಡ್' ಅಂತ ಬರುತ್ತೆ, ನಾವು 'ಬಿಯೆಹೊ' ಒತ್ತುತ್ತೇವೆ, ಹಸಿರು ಟಿಕ್ ಬಿದ್ದರೆ ಮುಂದಿನ ಪ್ರಶ್ನೆ. ನಮ್ಮ ತಕರಾರು ಇರೋದು ಇಲ್ಲೇ. ಹಳೇ ವಸ್ತು, ಹಳೇ ಕಾಲದ ಜನರನ್ನು ಬಣ್ಣಿಸೋ ಸ್ಪ್ಯಾನಿಷ್ ಗುಣವಾಚಕಗಳಿಗೆ ಇಂಗ್ಲಿಷ್‌ಗಿಂತ ಕನ್ನಡವೇ ಹತ್ತಿರದ ದಾರಿ.

'ತ್ರಾಸ್ನೊಚಾದೊ' ಅನ್ನೋ ಪದ ನೋಡಿ. ಅದರೊಳಗಿನ 'ನೋಚೆ' ಅಂದರೆ ರಾತ್ರಿ. 1713ರಲ್ಲಿ ಹುಟ್ಟಿದ ಸ್ಪೇನಿನ ರಾಯಲ್ ಅಕಾಡೆಮಿಯ ನಿಘಂಟು, ಒಂದು ರಾತ್ರಿ ಕಳೆದು ಕೆಟ್ಟುಹೋದದ್ದು ಅನ್ನೋ ಅರ್ಥವನ್ನೂ ಇದಕ್ಕೆ ಕೊಡುತ್ತೆ. ನಮ್ಮ ತಂಗಳು! ಈಗ ಇದನ್ನು ಕಾಲ ಮೀರಿದ ವಿಚಾರಗಳಿಗೆ ಬಳಸುತ್ತಾರೆ. 'ಔಟ್‌ಡೇಟೆಡ್' ಅಂತ ಉರು ಹೊಡೆದವರಿಗೆ ಈ ವಾಸನೆ ಬಡಿಯೋದೇ ಇಲ್ಲ. 'ರಾನ್ಸಿಯೊ' ಕೂಡ ಅಡುಗೆಮನೆಯದೇ, ಕಮಟು ಹಿಡಿದ ಎಣ್ಣೆಗೆ ಹೇಳೋದು. ಆದರೆ ಅದೇ ಪದ 'ಅಬೊಲೆಂಗೊ', ಅಂದರೆ ವಂಶ, ಅನ್ನೋದಕ್ಕೆ ಮೊದಲು ಬಂದರೆ ಪುರಾತನ ಮನೆತನ ಅನ್ನೋ ಹೆಮ್ಮೆ. 'ಆನ್ಯೆಹೊ' ಹೆಚ್ಚಾಗಿ ಹೊಗಳಿಕೆ, ರಮ್ ಬಾಟಲಿ ಮೇಲೆ ಇರುತ್ತೆ (ನೋಡಿದವರು ಕೈ ಎತ್ತಬೇಕಿಲ್ಲ). ಚೆನ್ನಾಗಿ ಕಳಿತ ಉಪ್ಪಿನಕಾಯಿ ನೆನೆಸಿಕೊಂಡರೆ ಸಾಕು.

ಓಬೀರಾಯನ ಕಾಲದ್ದಕ್ಕೆ 'ಆಂತಿಕ್ವಾದೊ'. ನಿನ್ನೆ ಕೊಂಡ ಕೀಪ್ಯಾಡ್ ಫೋನು ಬಿಯೆಹೊ ಅಲ್ಲ, ಆದರೂ ಆಂತಿಕ್ವಾದೊ.

ವಸ್ತುಗಳ ವಿಷಯದಲ್ಲಿ ಎಡವಿದರೆ ನಕ್ಕು ಬಿಡಬಹುದು. ಮನುಷ್ಯರ ವಿಷಯ ಹಾಗಲ್ಲ. ನಾಳೆ ಮ್ಯಾಡ್ರಿಡ್‌ನಲ್ಲಿ ಮನೆ ಬಾಡಿಗೆಗೆ ಕೊಟ್ಟ ವಯಸ್ಸಾದ ಹೆಂಗಸನ್ನು 'ಬಿಯೆಹಾ' ಅಂದರೆ, ಎದುರಿಗೇ ಮುದುಕಿ ಅಂದ ಹಾಗೆ. ಅಲ್ಲಿನ ಮರ್ಯಾದೆಯ ಪದ 'ಮಾಯೋರ್'. ಅದರ ಇನ್ನೊಂದು ಅರ್ಥ ದೊಡ್ಡದು. ನಮ್ಮ 'ಹಿರಿಯರು' ಪದದೊಳಗಿನ 'ಹಿರಿ'ಯೂ ದೊಡ್ಡದೇ ಅಲ್ವಾ? ಹಾಗಂತ ಬಿಯೆಹೊ ಎಲ್ಲ ಕಡೆ ಬೈಗುಳವೂ ಅಲ್ಲ. ಅರ್ಜೆಂಟೀನಾದವರು 'ಮಿ ಬಿಯೆಹೊ' ಅಂದರೆ ಅಪ್ಪನ ಬಗ್ಗೆ ಪ್ರೀತಿಯಿಂದ ಮಾತಾಡ್ತಿದ್ದಾರೆ ಅಂತಲೇ ಅರ್ಥ.

ಕನ್ನಡ ಎಲ್ಲದಕ್ಕೂ ಕೀಲಿಕೈ ಅಂತ ನಾವು ಹೇಳ್ತಿಲ್ಲ. 'ಮಿ ಆಂತಿಗ್ವೊ ಪ್ರೊಫೆಸೋರ್' ನಮ್ಮ 'ಹಳೇ ಮೇಷ್ಟ್ರು' ಥರಾನೇ, ಅವರಿಗೆ ಮೂವತ್ತೇ ವಯಸ್ಸಿರಬಹುದು. ಆದರೆ 'ಬಿಯೆಹೊ ಅಮೀಗೊ' ಬಹುಕಾಲದ ಗೆಳೆಯ, 'ಅಮೀಗೊ ಬಿಯೆಹೊ' ವಯಸ್ಸಾದ ಗೆಳೆಯ. ಕನ್ನಡದಲ್ಲಿ ಗುಣವಾಚಕ ನಾಮಪದಕ್ಕೆ ಮೊದಲೇ ಬರೋದರಿಂದ ಈ ಆಟ ನಮಗೆ ಹೊಸದು. ಇದನ್ನು ಕೂತು ಕಲಿಯಲೇಬೇಕು.

ನಮಗೆ ಹೆಚ್ಚು ಇಷ್ಟವಾದದ್ದು 'ಚಪಾದೊ ಆ ಲಾ ಆಂತಿಗ್ವಾ'. 'ಚಪಾದೊ' ಅಂದರೆ ಮೇಲೆ ಲೋಹದ ಹೊದಿಕೆ ಹಾಕಿದ್ದು. ಕೆಮಿಸ್ಟ್ರಿಯಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಓದಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾ! ಹಳೇ ರೀತಿ ರಿವಾಜಿನ ಲೇಪನ ಗಟ್ಟಿಯಾಗಿ ಕೂತ ಮನುಷ್ಯ. ಇದರಲ್ಲಿ ಟೀಕೆಯೂ ಇರಬಹುದು, ಅಕ್ಕರೆಯೂ ಇರಬಹುದು. ಸ್ಪ್ಯಾನಿಷ್ ಕಲಿಸೋರು ಕೊಡೋ ಪದಪಟ್ಟಿಯಲ್ಲಿ ಇಂಗ್ಲಿಷ್ ಅರ್ಥದ ಪಕ್ಕ ಇನ್ನೊಂದು ಕಾಲಂ ಖಾಲಿ ಬಿಟ್ಟರೆ ಸಾಕು, ಕನ್ನಡವನ್ನು ನಾವೇ ತುಂಬಿಕೊಳ್ತೇವೆ. ಅಂದ ಹಾಗೆ, ಅಜ್ಜ ಚಪಾದೊ, ಅಜ್ಜಿ ಚಪಾದಾ. ಆಂತಿಗ್ವಾ ಮಾತ್ರ ಇಬ್ಬರಿಗೂ ಒಂದೇ.