‘ಹಿಂದಿಯಲ್ಲೇ ನೋಡೋಣ, ಅಮ್ಮ’

ತೀರ್ಥಹಳ್ಳಿ ಕಡೆಯಿಂದ ಬಂದು ಹದಿನೇಳು ವರ್ಷದಿಂದ ಪುಣೆಯಲ್ಲಿರುವ ಒಬ್ಬ ಗೃಹಸ್ಥೆ ವರ್ಷಕ್ಕೆ ಏಳೆಂಟು ಸಿನಿಮಾ ನೋಡುತ್ತಾರೆ. ಬ್ಯಾಂಕಿನ ಕೆಲಸ, ಒಂಬತ್ತನೇ ಕ್ಲಾಸಿನ ಮಗ, ಭಾನುವಾರದ ಮನೆಗೆಲಸ ಇವುಗಳ ನಡುವೆ ಸಿಕ್ಕ ಮೂರು ಗಂಟೆಯಲ್ಲಿ ನೋಡುವವರು. ವಿಮರ್ಶೆ ಓದುವ ಅಭ್ಯಾಸವಿಲ್ಲ. ನಿರ್ದೇಶಕರು ಯಾರೆಂದು ಎಷ್ಟೋ ಸಲ ಗೊತ್ತಾಗುವುದು ಸಿನಿಮಾ ಮುಗಿದ ಮೇಲೆ. ಇಂಥವರ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಆದರೆ ಕರ್ನಾಟಕದ ಹೊರಗೆ ಒಂದು ಕನ್ನಡ ಸಿನಿಮಾ ಎರಡನೇ ವಾರ ನಿಲ್ಲುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಇಂಥವರ ಟಿಕೆಟ್‌ನಿಂದಲೇ ತೀರ್ಮಾನವಾಗುತ್ತದೆ.

2025ರಲ್ಲಿ ಅವರು ನೋಡಿದ ಕನ್ನಡ ಸಿನಿಮಾಗಳು ನಾಲ್ಕು. ಎರಡು ಥಿಯೇಟರಿನಲ್ಲಿ, ಎರಡು ಮನೆಯ ಟೀವಿಯಲ್ಲಿ.

ಹೆಚ್ಚು ನಗಿಸಿದ್ದು ಜುಲೈ 25ಕ್ಕೆ ಬಿಡುಗಡೆಯಾದ ‘ಸು ಫ್ರಮ್ ಸೋ’. ಕರಾವಳಿಯ ಒಂದು ಊರು. ಅಲ್ಲಿನ ಅಶೋಕನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆಂದು ಊರಿಗೆ ಊರೇ ನಂಬುತ್ತದೆ. ಜೆ.ಪಿ. ತುಮಿನಾಡ್ ನಿರ್ದೇಶಿಸಿ, ತಾವೇ ಅಶೋಕನಾಗಿ ನಟಿಸಿದ್ದಾರೆ. ದೊಡ್ಡ ಸ್ಟಾರ್ ಇಲ್ಲ, ಫೈಟ್ ಇಲ್ಲ. ಇರುವುದು ಮಾತು ಮತ್ತು ಮಾತಾಡುವ ಜನ. ಊರಿನಲ್ಲಿ ಸಾವಾದಾಗ, ಮದುವೆಯಾದಾಗ ಜಗಲಿಯಲ್ಲಿ ಗುಂಪು ಕೂತು ಆಡುವಂಥದೇ ಮಾತು. ಪುಣೆಯ ಆ ರಾತ್ರಿ ಶೋನಲ್ಲಿ ಮೂವತ್ತು ನಲವತ್ತು ಜನ ಇದ್ದರಂತೆ. ನಗು ಮಾತ್ರ ಇನ್ನೂರು ಜನರದ್ದು. ಆದರೂ ಅವರದೊಂದು ದೂರು ಇದೆ. ಕಥೆಯ ಒಳಗಿನ ನಿಜವಾದ ಕಷ್ಟ ಭಾನು ಎಂಬ ಹೆಣ್ಣಿನದು. ಅವಳಿಗೇ ಮಾತು ಕಡಿಮೆ. ಗಂಡಸರ ತಮಾಷೆಗೆ ಕೊಟ್ಟ ಹೊತ್ತಿನಲ್ಲಿ ಕಾಲು ಭಾಗವನ್ನಾದರೂ ಅವಳಿಗೆ ಕೊಡಬಹುದಿತ್ತು.

‘ಅಜ್ಞಾತವಾಸಿ’ಯನ್ನು ನೋಡಿದ್ದು ಮನೆಯಲ್ಲಿ. ಏಪ್ರಿಲ್‌ನಲ್ಲಿ ಥಿಯೇಟರಿಗೆ ಬಂದಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ತೊಂಬತ್ತರ ದಶಕದ ಮಲೆನಾಡು, ವರ್ಷಗಟ್ಟಲೆ ಒಂದು ಅಪರಾಧವೂ ದಾಖಲಾಗದ ಠಾಣೆ, ಆಗಷ್ಟೇ ಊರಿಗೆ ಬಂದ ಕಂಪ್ಯೂಟರು, ಆಮೇಲೆ ಒಂದು ಸಾವು. ಇನ್‌ಸ್ಪೆಕ್ಟರ್ ಆಗಿ ರಂಗಾಯಣ ರಘು. ಗದ್ದಲದ ಕಾಮಿಡಿಯಲ್ಲಿ ಇಷ್ಟು ವರ್ಷ ಕಂಡ ನಟ ಇಲ್ಲಿ ಸುಮ್ಮನೆ ಕೂತೇ ಭಯ ಹುಟ್ಟಿಸುತ್ತಾರೆ. ಕೊನೆಯ ಗುಟ್ಟು ಅವರಿಗೆ ಅರ್ಧ ದಾರಿಯಲ್ಲೇ ಅಂದಾಜಾಗಿತ್ತು. ಬೇಸರವಾಗಲಿಲ್ಲ, ಯಾಕೆಂದರೆ ಅವರು ನೋಡುತ್ತಿದ್ದದ್ದು ಮಳೆಯನ್ನು, ಹಳೆಯ ಮನೆಗಳನ್ನು, ತಾವು ಬಿಟ್ಟುಬಂದ ಕಾಲವನ್ನು. ಇದೇ ಕಾರಣಕ್ಕೆ ತಮ್ಮ ಮೆಚ್ಚುಗೆಯನ್ನು ತಾವೇ ಪೂರ್ತಿ ನಂಬುವುದಿಲ್ಲ ಎಂದೂ ಅವರು ಹೇಳುತ್ತಾರೆ. ಊರಿನ ನೆನಪು ಯಾವ ಸಿನಿಮಾಕ್ಕಾದರೂ ಹತ್ತು ಮಾರ್ಕ್ಸ್ ಹೆಚ್ಚಿಗೆ ಹಾಕಿಬಿಡುತ್ತದೆ.

ಸುಮಂತ್ ಭಟ್ ಅವರ ‘ಮಿಥ್ಯ’ವನ್ನು ಅವರು ನೋಡಿದ್ದು ಎರಡು ಕಂತಿನಲ್ಲಿ. ಅಪ್ಪ ಅಮ್ಮನನ್ನು ಕಳೆದುಕೊಂಡ ಹನ್ನೊಂದು ವರ್ಷದ ಹುಡುಗ ಮುಂಬಯಿ ಬಿಟ್ಟು ಉಡುಪಿ ಕಡೆಯ ನೆಂಟರ ಮನೆಗೆ ಬರುತ್ತಾನೆ. ಅವನು ಅಳುವುದನ್ನು ಸಿನಿಮಾ ಅವಸರದಿಂದ ತೋರಿಸುವುದಿಲ್ಲ, ಸಂಗೀತ ಹಾಕಿ ನಮ್ಮನ್ನು ಅಳಿಸುವುದೂ ಇಲ್ಲ. ‘ಸು ಫ್ರಮ್ ಸೋ’ದಲ್ಲಿ ನಗಿಸಿದ ಪ್ರಕಾಶ್ ತುಮಿನಾಡ್ ಇಲ್ಲಿ ಹುಡುಗನಿಗೆ ಆಸರೆಯಾಗುವ ಹಿರಿಯ. ಮೊದಲರ್ಧ ನಿಧಾನ ಎನಿಸಿ ಅವರು ನಿಲ್ಲಿಸಿದ್ದರು. ಮಾರನೆಯ ದಿನ ಮತ್ತೆ ಹಾಕಿಸಿದವನು ಮಗ, ‘ಆ ಹುಡುಗ ಏನಾದ?’ ಎಂದು ಕೇಳಿ. ಇಲ್ಲಿಯವರೆಗೂ ಅವನು ತಾನಾಗಿ ಕೇಳಿ ನೋಡಿದ ಕನ್ನಡ ಸಿನಿಮಾ ಅದೊಂದೇ.

ಉಳಿದದ್ದು ‘ಕಾಂತಾರ: ಚಾಪ್ಟರ್ 1’. ಅಕ್ಟೋಬರ್ 2ರಂದು ಕನ್ನಡದ ಜೊತೆಗೆ ಹಿಂದಿಯೂ ಸೇರಿ ಹಲವು ಭಾಷೆಗಳಲ್ಲಿ ಬಂತು. ‘ಹಿಂದಿಯಲ್ಲೇ ನೋಡೋಣ, ಅಮ್ಮ’ ಎಂದ ಮಗ. ಅವನ ಗೆಳೆಯರೆಲ್ಲ ಹಿಂದಿಗೆ ಹೊರಟಿದ್ದರು, ಶೋಗಳೂ ಹಿಂದಿಯವೇ ಹೆಚ್ಚು. ಅವನು ಗೆಳೆಯರ ಜೊತೆ ಹೋದ. ಅಮ್ಮ ಭಾನುವಾರ ಕನ್ನಡದ್ದಕ್ಕೆ ಹೋದರು. ಆಮೇಲೆ ಇಬ್ಬರೂ ಊಟದ ಹೊತ್ತಿನಲ್ಲಿ ಮಾತಾಡಿದರೆ ಬಹಳಷ್ಟು ವಿಷಯದಲ್ಲಿ ಒಪ್ಪಿಗೆ. ರಿಷಬ್ ಶೆಟ್ಟಿಯ ಕೊನೆಯ ಅರ್ಧ ಗಂಟೆ ಮೈ ಜುಮ್ಮೆನ್ನಿಸುತ್ತದೆ, ರುಕ್ಮಿಣಿ ವಸಂತ್ ಪಾತ್ರಕ್ಕೆ ತೂಕವಿದೆ, ಮೊದಲರ್ಧದ ತಮಾಷೆ ಸಾಲದು. ಅಮ್ಮನದೊಂದು ಹೆಚ್ಚಿನ ಮಾತು: 2022ರ ‘ಕಾಂತಾರ’ದಲ್ಲಿ ಮನೆ, ಅಮ್ಮನ ಬೈಗುಳ, ಅರಣ್ಯ ಇಲಾಖೆಯ ಜೊತೆ ಗಡಿ ಜಗಳ ಇದ್ದವು. ಇಲ್ಲಿ ರಾಜ್ಯ, ರಥ, ಯುದ್ಧ ಬಂದವು. ಒಲೆಯ ಮುಂದೆ ಕೂತು ಮಾತಾಡುವ ಜನ ಕಡಿಮೆಯಾದರು.

ಒಂದು ಕಡೆ ಮಾತ್ರ ಇಬ್ಬರೂ ಕೂಡಲಿಲ್ಲ. ಅಮ್ಮ ನಕ್ಕ ಒಂದು ಜಾಗವನ್ನು ಹೇಳಿದರೆ, ಅಲ್ಲಿ ನಗುವಂಥದ್ದೇನಿತ್ತು ಎಂದು ಮಗ ಕೇಳಿದ. ಹಿಂದಿಯಲ್ಲಿ ಅದು ಬರೀ ಒಂದು ಮಾತಾಗಿತ್ತು.

ಡಬ್ಬಿಂಗ್ ಪರವಾಗಿ ಹೇಳಬೇಕಾದ್ದು ಬಹಳ ಇದೆ. ಮೊದಲ ‘ಕಾಂತಾರ’ ಕನ್ನಡದಲ್ಲಿ ಬಂದದ್ದು 2022ರ ಸೆಪ್ಟೆಂಬರ್ 30ಕ್ಕೆ, ಹಿಂದಿಯಲ್ಲಿ ಬಂದದ್ದು ಅಕ್ಟೋಬರ್ 14ಕ್ಕೆ. ಆ ಎರಡು ವಾರ ಹೊರನಾಡಿನ ಕನ್ನಡಿಗರು ಪಕ್ಕದ ಮನೆಯವರನ್ನು ಕನ್ನಡ ಶೋಗೇ ಕರೆದುಕೊಂಡು ಹೋಗಿ, ಕಿವಿಯಲ್ಲಿ ಅರ್ಥ ಹೇಳಿದ್ದುಂಟು. ಹಿಂದಿಯದು ಬಂದ ಮೇಲೆ ಅದೇ ಮನೆಯವರು ಭೂತಕೋಲ ಎಂದರೇನೆಂದು ತಾವಾಗಿ ಕೇಳಿಕೊಂಡು ಬಂದರು. ಕಥೆ ದೂರ ಹೋಗಲು ಡಬ್ಬಿಂಗ್ ಬೇಕು. ಆದರೆ ಕನ್ನಡದ ಮನೆಯವರೇ ಡಬ್ ಆದದ್ದಕ್ಕೆ ಹೋದರೆ ಆ ಊರಿನಲ್ಲಿ ಕನ್ನಡದ ಶೋ ಯಾರಿಗಾಗಿ? ದೊಡ್ಡ ಸಿನಿಮಾಕ್ಕೆ ಇದರಿಂದ ನಷ್ಟವಿಲ್ಲ. ಪೆಟ್ಟು ಬೀಳುವುದು ‘ಮಿಥ್ಯ’ದಂಥ, ‘ಅಜ್ಞಾತವಾಸಿ’ಯಂಥ ಸಿನಿಮಾಗಳಿಗೆ. ದೊಡ್ಡದಕ್ಕೇ ಕನ್ನಡದಲ್ಲಿ ಜನ ಸೇರದ ಊರಿಗೆ ಚಿಕ್ಕದನ್ನು ಯಾರೂ ತರುವುದಿಲ್ಲ.

ಮಕ್ಕಳ ವಿಷಯ ಇನ್ನೂ ಹತ್ತಿರದ್ದು. ಹೊರನಾಡಿನ ಮನೆಗಳಲ್ಲಿ ಕನ್ನಡ ಬಹುಪಾಲು ‘ಊಟಕ್ಕೆ ಬಾ’, ‘ಓದ್ಕೋ’, ‘ಅಜ್ಜಿಗೆ ಫೋನ್ ಮಾಡು’ ಇಷ್ಟರಲ್ಲೇ ಮುಗಿಯುತ್ತದೆ. ಜಗಳ, ಕುಚೇಷ್ಟೆ, ಸುಳ್ಳು, ಪ್ರೇಮ ಇವೆಲ್ಲ ಕನ್ನಡದಲ್ಲಿ ಹೇಗೆ ಕೇಳಿಸುತ್ತವೆ ಎಂದು ಮಗುವಿಗೆ ತಿಳಿಯುವುದೆಲ್ಲಿ? ರಜೆಯ ಹತ್ತು ದಿನ ಊರಿನಲ್ಲಿ, ಇಲ್ಲವೇ ಸಿನಿಮಾದಲ್ಲಿ. ಅದನ್ನೂ ಹಿಂದಿಗೆ ಬಿಟ್ಟುಕೊಟ್ಟರೆ ಕನ್ನಡ ಅಡುಗೆಮನೆಯ ಆಜ್ಞೆಗಳ ಭಾಷೆಯಾಗಿಯೇ ಉಳಿಯುತ್ತದೆ.

ಹಾಗೆಂದು ‘ಕನ್ನಡದ್ದು, ಅದಕ್ಕೇ ನೋಡಿ, ಹೊಗಳಿ’ ಎನ್ನುವ ಮಾತಿಗೆ ಈ ಪ್ರೇಕ್ಷಕಿ ಒಪ್ಪುವುದಿಲ್ಲ. ಅಭಿಮಾನಕ್ಕೆ ಟಿಕೆಟ್ ಕೊಂಡು ಕೆಟ್ಟ ಸಿನಿಮಾಕ್ಕೆ ಚಪ್ಪಾಳೆ ತಟ್ಟಿದರೆ, ಮುಂದಿನ ಸಲ ನಿಜವಾಗಿ ಚೆನ್ನಾಗಿರುವುದನ್ನು ಹೇಳಿದಾಗ ಪಕ್ಕದ ಮನೆಯವರೂ ನಂಬುವುದಿಲ್ಲ, ಮಗನೂ ನಂಬುವುದಿಲ್ಲ. ಆದ್ದರಿಂದ ಅವರು ಈಗ ಇಟ್ಟುಕೊಂಡಿರುವ ನಿಯಮ ಇಷ್ಟೇ: ಕನ್ನಡ ಸಿನಿಮಾ ಊರಿಗೆ ಬಂದರೆ ಮೊದಲ ಭಾನುವಾರದೊಳಗೆ ಕನ್ನಡದಲ್ಲೇ ನೋಡುವುದು, ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದೇ ಹೇಳುವುದು. ಸೋಮವಾರದವರೆಗೆ ಕಾದರೆ ಶೋ ಇರುತ್ತದೆಂಬ ಖಾತ್ರಿಯಿಲ್ಲ.

ಮಗನನ್ನು ಬಲವಂತ ಮಾಡುವ ಯೋಚನೆ ಅವರಿಗಿಲ್ಲ. ಮುಂದಿನ ಸಲ ಟಿಕೆಟ್ ಬುಕ್ ಮಾಡುವ ಮೊದಲು, ಅವನಿಗೆ ಅರ್ಥವಾಗದೆ ಹೋದ ಆ ನಗುವಿನ ಜಾಗವನ್ನು ಒಮ್ಮೆ ನೆನಪಿಸುತ್ತಾರಂತೆ.