ಗೇರ್ ಲಿವರ್ ಕದಲದಿದ್ದರೆ

ಕ್ಲಚ್ಚಿನ ಗೋಜಿಲ್ಲದ ಆಟೋಮ್ಯಾಟಿಕ್ ಕಾರುಗಳು ಗಡಿನಾಡಿನ ನಮ್ಮ ಅಂಗಳಗಳಿಗೂ ಬಂದಿವೆ. ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಅವಸರದಲ್ಲಿ ಕೆಲವೊಮ್ಮೆ ಇವು ಮೊಂಡುಹಿಡಿಯುವುದುಂಟು. ಎಂಜಿನ್ ಚಾಲೂ ಆಗುತ್ತದೆ. ಗೇರ್ ಲಿವರ್ ಮಾತ್ರ ‘ಪಿ’, ಅಂದರೆ ಪಾರ್ಕ್, ಸ್ಥಾನವನ್ನು ಬಿಟ್ಟು ಕದಲುವುದಿಲ್ಲ. ಬಲಪ್ರಯೋಗಕ್ಕೆ ಮೊದಲು ಕಾರಣವನ್ನು ಅರಿಯುವುದು ಒಳ್ಳೆಯದು.

ಪಿ ಸ್ಥಾನದಲ್ಲಿ ಗೇರ್‌ಬಾಕ್ಸಿನೊಳಗಿನ ಉಕ್ಕಿನ ಸಣ್ಣ ಕೊಂಡಿಯೊಂದು ಹಲ್ಲುಚಕ್ರದ ಸಂದಿನಲ್ಲಿ ಕುಳಿತು ಕಾರು ಉರುಳದಂತೆ ತಡೆಯುತ್ತದೆ. ಲಿವರಿನ ಬುಡದಲ್ಲಿ ಇನ್ನೊಂದು ಬೀಗವಿದೆ. ಕೀಲಿ ತಿರುಗಿಸಿ ಬ್ರೇಕ್ ತುಳಿದಾಗ ಮಾತ್ರ ವಿದ್ಯುತ್ ಹರಿದು ಅದು ತೆರೆಯುತ್ತದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಆಡಿ 5000 ಕಾರುಗಳು ತಾವಾಗಿಯೇ ಮುನ್ನುಗ್ಗುತ್ತವೆಂಬ ದೂರುಗಳೆದ್ದ ಬಳಿಕ ಈ ಬೀಗ ರೂಢಿಗೆ ಬಂದಿತು. ಚಾಲಕರು ಬ್ರೇಕೆಂದು ಭಾವಿಸಿ ಆಕ್ಸಿಲರೇಟರ್ ತುಳಿದದ್ದೇ ಇಂತಹ ಘಟನೆಗಳಿಗೆ ಮುಖ್ಯ ಕಾರಣವೆಂದು ಅಲ್ಲಿನ ಸರಕಾರದ 1989ರ ವರದಿ ತಿಳಿಸಿತು. ಮುಂದೆ ಮಕ್ಕಳ ಸುರಕ್ಷತೆಗಾಗಿ 2008ರಲ್ಲಿ ಆದ ಶಾಸನವು, 2010ರ ಸೆಪ್ಟೆಂಬರ್ 1ರಿಂದ ಅಲ್ಲಿಗಾಗಿ ತಯಾರಾಗುವ ಇಂತಹ ಕಾರುಗಳಿಗೆ ಈ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿತು. ನಿಂತ ಕಾರಿನಲ್ಲಿ ಆಡುವ ಮಗು ಲಿವರ್ ಎಳೆದರೂ ಕಾರು ಉರುಳಬಾರದೆಂಬುದೇ ಅದರ ಆಶಯ.

ಲಿವರ್ ಕದಲದಿದ್ದರೆ ಮೊದಲು ಹ್ಯಾಂಡ್‌ಬ್ರೇಕ್ ಹಾಕಿರಿ. ಪೆಡಲಿನಡಿ ಮ್ಯಾಟ್ ಸಿಕ್ಕಿಕೊಂಡಿದೆಯೇ ನೋಡಿರಿ. ಬಳಿಕ ಬ್ರೇಕ್ ತುಳಿದು, ಹಿಂದಿನ ಕೆಂಪು ದೀಪಗಳು ಉರಿಯುತ್ತವೆಯೇ ಎಂದು ಕಾರಿನ ಪಕ್ಕದಲ್ಲಿ ನಿಂತವರನ್ನು ಕೇಳಿರಿ. ಉರಿಯದಿದ್ದರೆ ಫ್ಯೂಸ್ ಅಥವಾ ಪೆಡಲಿನ ಮೇಲ್ಗಡೆಯ ಬ್ರೇಕ್ ಸ್ವಿಚ್ ಕೆಟ್ಟಿರುವ ಸಂಭವ ಹೆಚ್ಚು. ದೀಪ ಉರಿದೂ ಲಿವರ್ ಕದಲದಿದ್ದರೆ ಬೀಗದಲ್ಲೇ ದೋಷವಿರಬಹುದು.

ತುರ್ತಿಗೆಂದು ಹಲವು ಕಾರುಗಳಲ್ಲಿ ಲಿವರಿನ ಪಕ್ಕ ಸಣ್ಣ ಮುಚ್ಚಳವಿರುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ, ಬ್ರೇಕನ್ನು ತುಳಿದೇ ಇದ್ದು, ಮುಚ್ಚಳ ತೆಗೆದು ಒಳಗಿನ ಗುಂಡಿಯನ್ನು ಕೀಲಿಯಿಂದಲೋ ಸ್ಕ್ರೂಡ್ರೈವರಿನಿಂದಲೋ ಒತ್ತಿದರೆ ಲಿವರನ್ನು ‘ಎನ್’ ಸ್ಥಾನಕ್ಕೆ ತರಬಹುದು. ಕ್ರಮವು ಕಾರಿನಿಂದ ಕಾರಿಗೆ ಬೇರೆಯಾಗುವುದರಿಂದ ಕಾರಿನೊಡನೆ ಬಂದ ಕೈಪಿಡಿಯನ್ನು ಓದಿಯೇ ಮುಂದುವರಿಯಬೇಕು.

ಗುಡ್ಡದ ಮನೆಗಳ ಇಳಿಜಾರಿನಲ್ಲಿ ಕಾರಣ ಬೇರೆಯೂ ಇರಬಹುದು. ಹ್ಯಾಂಡ್‌ಬ್ರೇಕ್ ಹಾಕದೆ ಪಿ ಸ್ಥಾನದಲ್ಲಿ ನಿಲ್ಲಿಸಿದರೆ ಕಾರಿನ ಭಾರವೆಲ್ಲ ಆ ಸಣ್ಣ ಕೊಂಡಿಯ ಮೇಲೆ ಬಿದ್ದು ಅದು ಬಿಗಿಯುತ್ತದೆ. ಆಗ ಇಳಿಜಾರಿನ ಕಡೆಯಲ್ಲಿ ಯಾರೂ ನಿಲ್ಲಬಾರದು. ಚಕ್ರಗಳಿಗೆ ಕಲ್ಲು ಕೊಟ್ಟು, ಚಾಲಕರು ಬ್ರೇಕ್ ತುಳಿದ ಬಳಿಕವೇ ಲಿವರ್ ಎಳೆಯಬೇಕು. ಆಗಲೂ ಬಾರದಿದ್ದರೆ ಮೆಕ್ಯಾನಿಕರನ್ನು ಕರೆಸುವುದೇ ಲೇಸು. ನಿಲ್ಲಿಸುವಾಗ ಬ್ರೇಕ್ ತುಳಿದು, ಎನ್ ಸ್ಥಾನಕ್ಕೆ ತಂದು, ಹ್ಯಾಂಡ್‌ಬ್ರೇಕ್ ಹಾಕಿ, ಕಾಲನ್ನು ಮೆಲ್ಲನೆ ಸಡಿಲಿಸಿ ಭಾರವು ಹ್ಯಾಂಡ್‌ಬ್ರೇಕಿನ ಮೇಲೆ ನಿಂತಿತೆಂದು ಖಚಿತವಾದ ಮೇಲೆ ಮತ್ತೆ ಬ್ರೇಕ್ ತುಳಿದು ಪಿ ಸ್ಥಾನಕ್ಕೆ ತಂದರೆ ಈ ತೊಂದರೆ ತಪ್ಪುತ್ತದೆ.

ತುರ್ತು ಗುಂಡಿಯು ಕಾರನ್ನು ರಿಪೇರಿಗೆ ಒಯ್ಯುವ ಒಂದು ಸಲದ ದಾರಿಯಷ್ಟೆ. ಕೆಲಸ ನಡೆಯಿತೆಂದು ದಿನವೂ ಅದನ್ನೇ ಒತ್ತಿ ಕಾರನ್ನು ಓಡಿಸುವುದು ಸಲ್ಲದು. ಬ್ರೇಕ್ ದೀಪ ಉರಿಯದ ಕಾರಿನ ಹಿಂದೆ ಶಾಲೆಯ ಬಸ್ಸೇ ಬರುತ್ತಿರಬಹುದು. ಆ ಗುಂಡಿ ಒತ್ತುವುದನ್ನು ನೋಡಿದ ಮಗು ನಾಳೆ ಅದನ್ನು ತಾನೂ ಮಾಡೀತು.